ಹಾಬ್ ಕೂರಿಸುವ ಮುನ್ನ ಕಟ್ಟೆಯ ಕೆಳಗೆ ನೋಡಿ

ಎರಡು ಬರ್ನರಿನ ಹಳೆಯ ಒಲೆಯಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತಿತ್ತು. ಟ್ಯೂಬು ಬಿರುಕು ಬಿಟ್ಟರೆ ಕಟ್ಟೆ ಒರೆಸುವಾಗಲೇ ಕಾಣುತ್ತಿತ್ತು. ಗ್ರಾನೈಟ್ ಕೊರೆದು ಹಾಬ್ ಕೂರಿಸಿದ ಮೇಲೆ ಗಾಜು, ಬರ್ನರ್ ಮಾತ್ರ ಮೇಲೆ. ಗ್ಯಾಸ್ ಪೈಪು, ಕರೆಂಟಿನ ತಂತಿ ಎರಡೂ ಡ್ರಾಯರುಗಳ ಹಿಂದೆ ಮರೆಯಾಗುತ್ತವೆ. ಆದ್ದರಿಂದ ಬಡಗಿ, ಎಲೆಕ್ಟ್ರಿಷಿಯನ್, ಗ್ಯಾಸ್ ಮೆಕ್ಯಾನಿಕ್ ಮೂವರನ್ನೂ ಕೆಲಸ ಶುರುವಾಗುವ ಮೊದಲೇ ಒಟ್ಟಿಗೆ ಕರೆಸಿ ಮಾತನಾಡಿ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಬಂದರೆ, ಸಿಕ್ಕ ಕಡೆ ತೂತು ಕೊರೆದು ಪೈಪು ತೂರಿಸಿ ಹೋಗುತ್ತಾರೆ.

ಮನೆಗೆ ಬರುವುದು ಯಾವ ಗ್ಯಾಸ್ ಎಂಬುದನ್ನು ಹಾಬ್ ಕೊಳ್ಳುವಾಗಲೇ ಹೇಳಬೇಕು. ಸಿಲಿಂಡರಿನ ರೆಗ್ಯುಲೇಟರ್ ಎಲ್‌ಪಿಜಿಯನ್ನು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬಿಡುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಒತ್ತಡ ಸುಮಾರು 21. ಅದಕ್ಕೆ ತಕ್ಕಂತೆ ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿನ ತೂತೂ ದೊಡ್ಡದು. ಆ ಜೆಟ್ಟಿಗೆ ಸಿಲಿಂಡರ್ ಗ್ಯಾಸ್ ಕೊಟ್ಟರೆ ಉರಿ ಹಳದಿಯಾಗಿ ಎದ್ದು, ಪಾತ್ರೆಗೆ ಮಸಿ ಹಿಡಿಯುತ್ತದೆ. ವಿಷಕಾರಿ ಕಾರ್ಬನ್ ಮೋನಾಕ್ಸೈಡ್ ಕೂಡ ಹುಟ್ಟಬಹುದು.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲಕ್ಕಿಳಿದು ನಿಲ್ಲುತ್ತದೆ. ಕಟ್ಟೆಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಸಿಲಿಂಡರ್ ಇಟ್ಟವರು ಮರೆಯಬಾರದ ಸಂಗತಿ ಇದು. ಕಪಾಟಿನ ಬಾಗಿಲಿನ ಬುಡದಲ್ಲೇ ಗಾಳಿಕಿಂಡಿ ಬೇಕು, ಮೇಲೆ ಇಟ್ಟರೆ ಸಾಲದು. ಆ ಕಪಾಟಿನೊಳಗೆ ಸಾಕೆಟ್, ಸ್ವಿಚ್ ಯಾವುದೂ ಇರಕೂಡದು. ಸ್ವಿಚ್ ಒತ್ತಿದಾಗ ಒಳಗೆ ಏಳುವ ಸಣ್ಣ ಕಿಡಿಯೇ ಬೆಂಕಿಗೆ ಸಾಕು.

ಒಳಗೆ ತಂತಿಯ ಬಲವಿರುವ, ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬನ್ನೇ ಬಳಸಿ. ಉದ್ದ ಒಂದೂವರೆ ಮೀಟರ್ ಮೀರಬಾರದು, ನಡುವೆ ಜೋಡು ಇರಬಾರದು, 5 ವರ್ಷಕ್ಕೆ ಬದಲಿಸಬೇಕು. ಡ್ರಾಯರ್ ಎಳೆದು ಮುಚ್ಚುವಾಗ ಅದರ ಹಿಂಬದಿಯ ಪ್ಲೈವುಡ್ ಅಂಚು ಟ್ಯೂಬಿಗೆ ಉಜ್ಜುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ದಿನಾ ಉಜ್ಜಿದರೆ ರಬ್ಬರ್ ಸವೆಯುತ್ತದೆ. ಸಿಲಿಂಡರ್ ಯುಟಿಲಿಟಿಯಲ್ಲಿದ್ದರೆ ರಬ್ಬರ್ ಟ್ಯೂಬನ್ನು ಗೋಡೆಯಲ್ಲಿ ತೂರಿಸಬೇಡಿ. ಗೋಡೆ ದಾಟಲು ತಾಮ್ರದ ಪೈಪೇ ಸರಿ. ಹಾಬ್ ಹತ್ತಿರ ಕೈಗೆ ಸಿಗುವಂತೆ ಒಂದು ವಾಲ್ವ್ ಇರಲಿ.

ಇನ್ನು ಕರೆಂಟು. ಕೆಲವು ಗ್ಯಾಸ್ ಹಾಬ್‌ಗಳು ಕಿಡಿಗಾಗಿ ಬ್ಯಾಟರಿ ಬಳಸುತ್ತವೆ, ಕೆಲವಕ್ಕೆ 230 ವೋಲ್ಟ್ ಬೇಕು. ಎರಡನೆಯದಕ್ಕೆ ಅರ್ಥಿಂಗ್ ಇರುವ 6 ಆಂಪಿಯರ್ ಸಾಕೆಟ್ ಸಾಕು. ಆದರೆ ಅದು ಹಾಬ್‌ನ ನೇರ ಕೆಳಗೆ ಬೇಡ. ಉಕ್ಕಿದ ಹಾಲು ಗಾಜಿನ ಅಂಚಿನಿಂದ ಇಳಿದು ಪ್ಲಗ್ಗಿಗೇ ತೊಟ್ಟಿಕ್ಕೀತು. ಪಕ್ಕಕ್ಕಿಟ್ಟು, ಅದರ ಸ್ವಿಚ್ಚನ್ನು ಒಲೆಯ ಮೇಲೆ ಕೈ ಚಾಚದೆ ಆರಿಸುವಂತೆ ಕಟ್ಟೆಯ ಮೇಲೆ ಕೊಡಿಸಿ. ತಂತಿಯನ್ನೂ ಗ್ಯಾಸ್ ಪೈಪನ್ನೂ ಒಂದೇ ತೂತಿನಲ್ಲಿ ತರಬೇಡಿ.

ಇಂಡಕ್ಷನ್ ಹಾಬ್ ಲೆಕ್ಕವೇ ಬೇರೆ. ನಾಲ್ಕು ಒಲೆಯದು 7,000 ವ್ಯಾಟ್ ಎಳೆಯಬಲ್ಲದು, ಅಂದರೆ 30 ಆಂಪಿಯರ್. ಗೀಸರಿನ 16 ಆಂಪಿಯರ್ ಸಾಕೆಟ್ಟಿನ ಮಿತಿ ಸುಮಾರು 3,600 ವ್ಯಾಟ್ ಮಾತ್ರ. ಮನೆಯ ವಿದ್ಯುತ್ ಹಂಚಿಕೆ ಪೆಟ್ಟಿಗೆಯಿಂದ (ಡಿಬಿ) ಇಂಡಕ್ಷನ್ ಹಾಬ್‌ಗೆಂದೇ ಬೇರೆ ಲೈನ್, 6 ಚದರ ಮಿಲಿಮೀಟರ್ ತಾಮ್ರದ ತಂತಿ, ಕೈಪಿಡಿಯಲ್ಲಿ ಹೇಳಿದ ಅಳತೆಯ ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ವಿದ್ಯುತ್ ಬಿಲ್ಲಿನಲ್ಲಿ ಮೊದಲೇ ನೋಡಿಕೊಳ್ಳಿ.

ಮೆಕ್ಯಾನಿಕ್ ಹೊರಡುವ ಮುನ್ನ ಹಾಬ್‌ನ ನಾಬ್‌ಗಳನ್ನೆಲ್ಲ ಮುಚ್ಚಿಸಿ, ರೆಗ್ಯುಲೇಟರ್ ತೆರೆಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ. ಗುಳ್ಳೆ ಉಬ್ಬಿದರೆ ಅಲ್ಲಿ ಸೋರಿಕೆ ಇದೆ. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸುವವರನ್ನು ಅಲ್ಲೇ ತಡೆಯಿರಿ. ಇನ್ನೊಂದು ಮಾತು. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆಯಿರುವ ಹಾಬ್‌ನಲ್ಲಿ, ಹೊತ್ತಿಸಿದ ಮೇಲೂ ನಾಬನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಅದು ದೋಷವಲ್ಲ, ತೊಂದರೆಯೆಂದು ಆ ವ್ಯವಸ್ಥೆಯನ್ನು ತೆಗೆಸಿಹಾಕಬೇಡಿ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ವಾಸನೆ ಹೋಗಲೆಂದು ಚಿಮಣಿಯನ್ನೂ ಹಾಕಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906, ದಿನದ 24 ಗಂಟೆಯೂ ಇರುತ್ತದೆ.