ನಾಲ್ಕು ಗೆಲುವು, ನಾಲ್ಕು ಗುರುತು: ಕರಡಿ ಸಂಗಣ್ಣನವರ ರಾಜಕೀಯ ಪಯಣ

ಹುಣ್ಣಿಮೆಯ ದಿನ ಹುಲಿಗಿಯ ಹುಲಿಗೆಮ್ಮ ದೇವಿಯ ಸನ್ನಿಧಿಯಲ್ಲಿ ಕಾಯಿ, ಕರ್ಪೂರ, ಬಳೆ, ಕುಂಕುಮದ ವ್ಯಾಪಾರ ನಡೆಸುವ ಚಿಕ್ಕ ವರ್ತಕನಿಂದ ಹಿಡಿದು ಗಿಣಿಗೇರಾ, ಬೇವಿನಹಳ್ಳಿಗಳ ಕಬ್ಬಿಣ ಉದ್ಯಮದವರೆಗೆ ಎಲ್ಲರ ಅಹವಾಲೂ ತಲುಪಬೇಕಾದದ್ದು ಕೊಪ್ಪಳದ ಶಾಸಕರಿಗೆ. ಆ ಸ್ಥಾನವನ್ನು ನಾಲ್ಕು ಬಾರಿ ಅಲಂಕರಿಸಿದವರು ಶ್ರೀ ಸಂಗಣ್ಣ ಕರಡಿಯವರು.

1994ರಲ್ಲಿ ಅವರು ಪಕ್ಷೇತರರಾಗಿ ವಿಧಾನಸಭೆ ಪ್ರವೇಶಿಸಿದರು. ಆ ಅವಧಿಯಲ್ಲಿಯೇ, 1997ರಲ್ಲಿ, ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ಉದಯಿಸಿತು. ಸಣ್ಣಪುಟ್ಟ ಕಾಗದಪತ್ರಕ್ಕೂ ರಾಯಚೂರಿಗೆ ಅಲೆಯಬೇಕಿದ್ದ ವರ್ತಕರಿಗೆ ಇದರ ಬೆಲೆ ಗೊತ್ತು. 1999ರಲ್ಲಿ ಸಂಯುಕ್ತ ಜನತಾದಳದಿಂದ ಗೆದ್ದ ಅವರು, 2004ರಲ್ಲಿ ಕಾಂಗ್ರೆಸ್ಸಿನ ಕೆ. ಬಸವರಾಜ ಹಿಟ್ನಾಳರಿಗೆ ಸ್ಥಾನ ಬಿಟ್ಟುಕೊಡಬೇಕಾಯಿತು. 2008ರಲ್ಲಿ ಜಾತ್ಯತೀತ ಜನತಾದಳದಿಂದ ಮರಳಿದರು. 2011ರಲ್ಲಿ ಶಾಸಕತ್ವಕ್ಕೆ ರಾಜೀನಾಮೆಯಿತ್ತು ಭಾರತೀಯ ಜನತಾ ಪಕ್ಷ ಸೇರಿ, ಅದೇ ಸೆಪ್ಟೆಂಬರಿನ ಉಪಚುನಾವಣೆಯಲ್ಲಿ ಪುನಃ ಆಯ್ಕೆಯಾದರು.

ನಾಲ್ಕು ಗೆಲುವಿಗೂ ನಾಲ್ಕು ಬೇರೆ ಗುರುತು. ಮತದಾರರು ವ್ಯಕ್ತಿಯನ್ನು ಕಂಡು ಮತವಿತ್ತರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ನಾಲ್ಕು ವರ್ಷದೊಳಗೆ ಮತ್ತೊಂದು ಚುನಾವಣೆ ನಡೆದಾಗ ಪ್ರತಿನಿಧಿಯಿಲ್ಲದೆ ಕಳೆದ ತಿಂಗಳುಗಳನ್ನು ವ್ಯಾಪಾರಿಯ ಲೆಕ್ಕದ ಪುಸ್ತಕ ಖರ್ಚಿನ ಕಡೆಗೇ ಬರೆದುಕೊಳ್ಳುತ್ತದೆ.

ಹುಲಿಗಿಗೆ ಸಮೀಪದ ಹಿಟ್ನಾಳದ ಮನೆತನದೊಡನೆ ಅವರ ಪೈಪೋಟಿ ಎರಡು ತಲೆಮಾರು ಬೆಳೆಯಿತು. 2013ರಲ್ಲಿ ಬಸವರಾಜರ ಪುತ್ರ ರಾಘವೇಂದ್ರ ಹಿಟ್ನಾಳ ಶಾಸಕರಾದರು. 2018 ಮತ್ತು 2023ರಲ್ಲಿಯೂ ಅವರೇ ಗೆದ್ದರು. ಸಂಗಣ್ಣನವರು 2014ರಲ್ಲಿ ಬಸವರಾಜರನ್ನು, 2019ರಲ್ಲಿ ರಾಘವೇಂದ್ರರ ಸಹೋದರ ರಾಜಶೇಖರರನ್ನು ಸೋಲಿಸಿ ಲೋಕಸಭೆಗೆ ಹೋದರು.

ಸಂಸತ್ ಸದಸ್ಯರಾದ ಬಳಿಕ ವರ್ತಕರು ಅವರನ್ನು ಕೇಳಿದ್ದು ಮುಖ್ಯವಾಗಿ ರೈಲನ್ನೇ. ತೊಂಬತ್ತರ ದಶಕದಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬನಗರ ಮಾರ್ಗದಲ್ಲಿ 2019ರಲ್ಲಿ ಗಂಗಾವತಿ ರೈಲು ಕಂಡಿತು. ಭತ್ತ, ಅಕ್ಕಿಗೆ ಲಾರಿಯನ್ನೇ ನೆಚ್ಚಿದ್ದ ಊರದು. ಮಂಜೂರಾತಿ ಅವರ ಕಾಲದ್ದಲ್ಲ, ಕಾಮಗಾರಿಯ ಕೀರ್ತಿಯೂ ಒಬ್ಬರದಲ್ಲ. ಹಳಿ ಗಂಗಾವತಿ ಮುಟ್ಟಿದಾಗ ಕ್ಷೇತ್ರದ ಸಂಸದರು ಅವರಾಗಿದ್ದರು ಎಂಬಷ್ಟನ್ನು ನ್ಯಾಯವಾಗಿ ಹೇಳಬಹುದು.

2024ರಲ್ಲಿ ಪಕ್ಷವು ಟಿಕೆಟ್ಟನ್ನು ಡಾ. ಬಸವರಾಜ ಕ್ಯಾವಟರ್ ಅವರಿಗೆ ನೀಡಿತು. ಏಪ್ರಿಲಿನಲ್ಲಿ ಸಂಗಣ್ಣನವರು ಕಾಂಗ್ರೆಸ್ ಸೇರಿದರು. ಬಹುಕಾಲ ಎದುರಾಗಿ ನಿಂತ ಮನೆತನದ ಪಾಳಯಕ್ಕೇ ಬಂದಂತಾಯಿತು. ಆ ಚುನಾವಣೆಯಲ್ಲಿ ಗೆದ್ದವರು ರಾಜಶೇಖರ ಹಿಟ್ನಾಳ. 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ಮಾರ್ಗದಲ್ಲಿ ಮೊದಲ ರೈಲು ಹೊರಟಾಗ ಕೊಪ್ಪಳದ ಸಂಸದರು ಅವರೇ.