ರಸ್ತೆಗಿಳಿಯುವ ಮೊದಲು ಉಮ್ಮನನ್ನು ಕೇಳಿದ್ದೀರಾ?

ಮೈಸೂರು ಬೋಗಾದಿಯ ಡಿ. ಕೃಷ್ಣಕುಮಾರ್ ಅವರ ಹೆಸರು ನಮ್ಮ ಮನೆಗಳಲ್ಲೂ ಹಲವರಿಗೆ ಗೊತ್ತುಂಟು. ಬೆಂಗಳೂರಿನಲ್ಲಿ ಕಾರ್ಪೊರೇಟ್ ಕಂಪನಿಯ ಟೀಮ್ ಲೀಡರ್ ಆಗಿದ್ದವರು. 13 ವರ್ಷ ದುಡಿದು, ಸಂಬಳದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 2018ರ ಜನವರಿ 16ರಂದು ತಾಯಿ ಚೂಡಾರತ್ನ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ತೀರಿಹೋದ ತಂದೆ ಹಿಂದೊಮ್ಮೆ ಕೊಡಿಸಿದ್ದ ಹಳೇ ಬಜಾಜ್ ಚೇತಕ್ ಸ್ಕೂಟರ್‌ನಲ್ಲಿ ಮೈಸೂರಿನಿಂದ ಹೊರಟುಬಿಟ್ಟರು. ತಾಯಿಗೆ ಆಗಲೇ 70ರ ಹತ್ತಿರ.

ಆಮೇಲಿನ ಕಥೆ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬಂದಿದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸುತ್ತಿದರು. ನೇಪಾಳ, ಭೂತಾನ್, ಮ್ಯಾನ್ಮಾರ್ ಕೂಡ ನೋಡಿ ಬಂದರು. ಕೊರೊನಾ ಲಾಕ್‌ಡೌನ್ ವೇಳೆ ಭೂತಾನ್ ಗಡಿಯ ಬಳಿ ವಾರಗಟ್ಟಲೆ ಸಿಕ್ಕಿಬಿದ್ದು, 2020ರಲ್ಲಿ ಅದೇ ಸ್ಕೂಟರ್‌ನಲ್ಲಿ ಮೈಸೂರಿಗೆ ಮರಳಿದರು. ಆ ಹೊತ್ತಿಗೆ 56 ಸಾವಿರ ಕಿ.ಮೀ. ದಾಟಿತ್ತು. ಇವರ ಸುದ್ದಿ ನೋಡಿ ಮೆಚ್ಚಿದ ಉದ್ಯಮಿ ಆನಂದ್ ಮಹೀಂದ್ರ ಒಂದು ಕಾರನ್ನೂ ಕೊಡಿಸಿದರು. 2022ರಲ್ಲಿ ತಾಯಿ-ಮಗ ಮತ್ತೆ ಹೊರಟರು, ಮತ್ತೆ ಅದೇ ಸ್ಕೂಟರ್‌ನಲ್ಲಿ.

ಬೋಗಾದಿ ಮೈಸೂರಿನ ಪಶ್ಚಿಮದ ಅಂಚು, ನಾವು ನೆಲೆಸಿರುವ ಕೆಸರೆ ಈಶಾನ್ಯದ ಅಂಚು. ನಡುವೆ ಇಡೀ ಊರು ಉಂಟು. ಆದರೂ ಈ ಸ್ಕೂಟರ್‌ನ ಮಾತು ನಮ್ಮ ಕಡೆಯ ಬ್ಯಾರಿ ಮನೆಗಳಲ್ಲಿ ಆಗಾಗ ಬರುತ್ತದೆ. ಈಗೀಗ ಅದು ಇನ್ನೊಂದು ಮಾತಿನ ಬಾಲ ಹಿಡಿದು ಬರುತ್ತಿದೆ. ನಮ್ಮ ಮಕ್ಕಳು ಈಗ ಅಂಗಡಿ, ಮೀನು, ಬಟ್ಟೆ ವ್ಯಾಪಾರದಲ್ಲಿ ಮಾತ್ರ ಇಲ್ಲ. ಟಿವಿ ಚಾನೆಲ್, ವೆಬ್ ಪತ್ರಿಕೆ, ಜಾಹೀರಾತು ಕಂಪನಿಗಳಲ್ಲೂ ಇದ್ದಾರೆ. ರಾತ್ರಿ ಪಾಳಿ, ಬ್ರೇಕಿಂಗ್ ನ್ಯೂಸ್, ಟಿಆರ್‌ಪಿ ಅಂತ ಕೆಲವು ವರ್ಷ ಓಡಿದ ಮೇಲೆ ಅವರ ಬಾಯಲ್ಲಿ ಒಂದೇ ಮಾತು: "ಇದೆಲ್ಲ ಸಾಕು. ಒಂದು ವ್ಯಾನ್ ತಗೊಂಡು, ಅದರಲ್ಲೇ ಹಾಸಿಗೆ, ಒಲೆ ಇಟ್ಕೊಂಡು ಸುತ್ತುತ್ತೇನೆ." ಹಿರಿಯರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಬೈದು ಪ್ರಯೋಜನ ಇಲ್ಲ ಮಾರಾಯ್ರೆ. ಸುದ್ದಿಯ ಕೆಲಸದಲ್ಲಿ ದಣಿವು ನಿಜ. ದಿನವಿಡೀ ಊರೂರಿನ ಜಗಳ, ಸಾವು, ಕಿರುಚಾಟ ನೋಡಿ ಅದನ್ನೇ ಮಾರಬೇಕಾದ ಹುಡುಗನಿಗೆ, ಹುಡುಗಿಗೆ ಉಸಿರು ಕಟ್ಟಿದ ಹಾಗೆ ಆಗುವುದು ಸಹಜ. ಕುರ್ಚಿ ಬಿಟ್ಟು ರಸ್ತೆಗಿಳಿದವರೆಲ್ಲ ಕೆಟ್ಟುಹೋದರು ಅಂತಲೂ ಇಲ್ಲ. ಪಿ. ಸಾಯಿನಾಥ್ 'ಬ್ಲಿಟ್ಜ್' ಪತ್ರಿಕೆಯ ಉಪ ಪ್ರಧಾನ ಸಂಪಾದಕ ಹುದ್ದೆ ಬಿಟ್ಟು, 1993ರಲ್ಲಿ ಒಂದು ಫೆಲೋಶಿಪ್ ಹಿಡಿದು, ದೇಶದ ಕಡುಬಡ ಜಿಲ್ಲೆಗಳಲ್ಲಿ ಅಲೆದರು. ಸುಮಾರು 5 ಸಾವಿರ ಕಿ.ಮೀ. ಕಾಲ್ನಡಿಗೆಯಲ್ಲೇ ಕ್ರಮಿಸಿದರು. ಆ ಅಲೆದಾಟದಿಂದ 1996ರಲ್ಲಿ ಬಂದ ಪುಸ್ತಕ ಕನ್ನಡಕ್ಕೂ ಅನುವಾದಗೊಂಡಿದೆ. ಅವರು ಬಿಟ್ಟದ್ದು ಕುರ್ಚಿಯನ್ನು, ಕಸುಬನ್ನಲ್ಲ.

ಆದ್ದರಿಂದ ಹೊರಡುವ ಮಕ್ಕಳನ್ನು ಮೊದಲು ಕೇಳಬೇಕಾದ್ದು, ನೀನು ಏನನ್ನು ಬಿಡುತ್ತಿ ಅಂತ. ಚಾನೆಲ್ ಬಿಟ್ಟು ಬಂದವನು ವ್ಯಾನಿನಲ್ಲೂ ಒಂದು ಚಾನೆಲ್ ತೆರೆದು, ದಿನಕ್ಕೊಂದು ವೀಡಿಯೊ ಹಾಕಿ, ಎಷ್ಟು ಜನ ನೋಡಿದರು ಅಂತ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ, ಅವನು ಬಿಟ್ಟದ್ದು ಸಂಬಳವನ್ನು ಮಾತ್ರ. ದಣಿವು ಅವನ ಜೊತೆಗೇ ವ್ಯಾನ್ ಹತ್ತಿರುತ್ತದೆ.

ಲೆಕ್ಕ ಮತ್ತು ಕಾನೂನು

ನಾವು ವ್ಯಾಪಾರಿ ಸಮುದಾಯ. ಬ್ಯಾರಿ ಎಂಬ ಹೆಸರೇ ಬ್ಯಾರ, ಅಂದರೆ ವ್ಯಾಪಾರದಿಂದ ಬಂದದ್ದು ಅಂತ ಹಿರಿಯರು ಹೇಳುತ್ತಾರೆ. ಹಾಗಾಗಿ ಲೆಕ್ಕ ಹಾಕದೆ ಹೆಜ್ಜೆ ಇಡಬಾರದು. ಲೀಟರ್‌ಗೆ 12 ಕಿ.ಮೀ. ಕೊಡುವ ಒಂದು ಡೀಸೆಲ್ ವ್ಯಾನ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 60 ಕಿ.ಮೀ. ಓಡಿದರೆ 5 ಲೀಟರ್, ತಿಂಗಳಿಗೆ 150 ಲೀಟರ್. ಲೀಟರ್‌ಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 13,500 ರೂಪಾಯಿ ಡೀಸೆಲ್‌ಗೇ ಹೋಯಿತು. ಟಯರ್, ಸರ್ವಿಸ್, ವಿಮೆ, ಟೋಲ್, ಊಟ, ಔಷಧ ಬೇರೆ. ಸರಳ ಬದುಕು ಅಂದರೆ ಪುಕ್ಕಟೆ ಬದುಕಲ್ಲ.

ಕೃಷ್ಣಕುಮಾರ್ ಇದನ್ನು ಮೊದಲೇ ಯೋಚಿಸಿದ್ದರು. ದುಡಿದು ಉಳಿಸಿದ್ದನ್ನು ಬ್ಯಾಂಕಿನಲ್ಲಿಟ್ಟು, ಬಂದ ಬಡ್ಡಿಯಲ್ಲಿ ದಾರಿ ಖರ್ಚು ನಿಭಾಯಿಸಿದರು. ಸಾಲ ಮಾಡಿ ಹೊಸ ವಾಹನ ತೆಗೆಯಲಿಲ್ಲ, ಲಾಡ್ಜ್ ಬದಲು ಮಠ, ದೇವಸ್ಥಾನ, ಆಶ್ರಮಗಳಲ್ಲಿ ಉಳಿದರು. ಬಡ್ಡಿಯ ದಾರಿ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಆದರೆ ಊರಿನ ಮನೆಯ ಬಾಡಿಗೆ, ಅಂಗಡಿಯ ಪಾಲು, ಅಡಿಕೆ ತೋಟದ ಹುಟ್ಟುವಳಿ, ಇಂಥದೇನಾದರೂ ಒಂದು ಕಾಯಂ ಆದಾಯ ಇಲ್ಲದೆ ಹೊರಟರೆ ಆರು ತಿಂಗಳಲ್ಲಿ ಅಣ್ಣನಿಗೋ ಭಾವನಿಗೋ ಫೋನ್ ಮಾಡಬೇಕಾದೀತು. ಮನೆಯಲ್ಲಿ ತಂಗಿಯ ಮದುವೆಯ ಸಾಲ ಬಾಕಿ ಇರುವಾಗ ಹೊರಟರೆ ಅದನ್ನು ಸರಳ ಬದುಕು ಅನ್ನಲಿಕ್ಕಾಗದು. ಹೊರೆಯನ್ನು ಬೇರೆಯವರ ತಲೆ ಮೇಲೆ ಇಟ್ಟ ಹಾಗೆ ಆಗುತ್ತದೆ.

ಕಾನೂನನ್ನೂ ತಿಳಿದಿರಬೇಕು. ಹಳೇ ಮಾರುತಿ ಓಮ್ನಿಯನ್ನೋ ಟೆಂಪೊ ಟ್ರಾವೆಲರ್ ಅನ್ನೋ ತಂದು, ಪರಿಚಯದ ಗ್ಯಾರೇಜಿನಲ್ಲಿ ಸೀಟು ಕಿತ್ತು, ಮಾಡು ಎತ್ತರಿಸಿ, ಮಂಚ ಕೂರಿಸುವುದು ಸುಲಭ ಅಂತ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿದೆ. ನಮ್ಮ ಗಡಿಯಾಚೆ ಕಣ್ಣೂರಿನಲ್ಲಿ 2021ರ ಆಗಸ್ಟ್‌ನಲ್ಲಿ, ವ್ಯಾನಿನಲ್ಲೇ ವಾಸಿಸುತ್ತ ವೀಡಿಯೊ ಮಾಡುತ್ತಿದ್ದ ಇಬ್ಬರು ಸಹೋದರರ ವಾಹನವನ್ನು ಅಲ್ಲಿನ ಮೋಟಾರು ವಾಹನ ಇಲಾಖೆ ವಶಕ್ಕೆ ತಗೊಂಡಿತು. ಕಚೇರಿಯಲ್ಲಿ ಗಲಾಟೆಯಾಗಿ ಅವರ ಬಂಧನವೂ ಆಯಿತು. ಹಾಗಂತ ದಾರಿಯೇ ಇಲ್ಲ ಅಂತಲ್ಲ. 'ಮೋಟಾರ್ ಕ್ಯಾರವಾನ್' ಎಂಬುದು ನಮ್ಮ ದೇಶದಲ್ಲಿ ಮಾನ್ಯವಾದ ವಾಹನ ವರ್ಗ. ಅದಕ್ಕೆ ಎಐಎಸ್-124 ಎಂಬ ಮಾನದಂಡ ಉಂಟು. ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿದರೆ ಅರ್ಧ ತಲೆನೋವು ಕಡಿಮೆ. ಒಪ್ಪಿಗೆಯಿಲ್ಲದೆ ಬದಲಾಯಿಸಿದ ವಾಹನಕ್ಕೆ ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು. ಇನ್ನೊಂದು ಮಾತು: ಬಾಗಿಲು-ಕಿಟಕಿ ಮುಚ್ಚಿದ ವ್ಯಾನಿನೊಳಗೆ ಗ್ಯಾಸ್ ಒಲೆ, ಇದ್ದಿಲು ಯಾವುದನ್ನೂ ಉರಿಸಿಕೊಂಡು ಮಲಗಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಜೊತೆಗೆ ಯಾರು?

ಇಷ್ಟೆಲ್ಲ ಲೆಕ್ಕ ಸರಿ ಬಂದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೃಷ್ಣಕುಮಾರ್ ಕಥೆಯಲ್ಲಿ ಜನ ರಾಜೀನಾಮೆಯನ್ನೂ ಸ್ಕೂಟರನ್ನೂ ನೆನಪಿಡುತ್ತಾರೆ. ನಮಗೆ ಮುಖ್ಯವಾಗಿ ಕಂಡದ್ದು ಅವರ ಹಿಂದಿನ ಸೀಟು. ತಂದೆ ತೀರಿಹೋದ ಮೇಲೆ ಒಂದು ದಿನ ಅವರು ತಾಯಿಯಲ್ಲಿ, ಯಾವೆಲ್ಲ ಊರು ನೋಡಿದ್ದೀ ಅಂತ ಕೇಳಿದರಂತೆ. ಹತ್ತಿರದ ಬೇಲೂರು-ಹಳೇಬೀಡನ್ನೂ ನೋಡಿಲ್ಲ ಎಂಬ ಉತ್ತರ ಬಂತು. ಕೂಡುಕುಟುಂಬದಲ್ಲಿ ಅಡುಗೆ, ಪಾತ್ರೆ, ಮನೆಮಂದಿಯ ಚಾಕರಿಯಲ್ಲೇ ಅವರ ಆಯಸ್ಸು ಕಳೆದಿತ್ತು. ಮಗ ಕೆಲಸ ಬಿಟ್ಟದ್ದು ಆ ಉತ್ತರ ಕೇಳಿ.

ಈ ಮಾತನ್ನು ನಮ್ಮ ಮನೆಯೊಳಗೆ ತಂದು ನೋಡೋಣ. ಬ್ಯಾರಿ ಗಂಡಸರು ಹಿಂದಿನಿಂದಲೂ ಸುತ್ತಾಡಿದವರೇ. ಮುಂಬೈ, ಹುಬ್ಬಳ್ಳಿ, ಬೆಂಗಳೂರು ಆಯಿತು, ಆಮೇಲೆ ದುಬೈ, ದಮ್ಮಾಮ್, ಜುಬೈಲ್ ಆಯಿತು. ಉಪ್ಪ ನೋಡಿದ ಊರುಗಳ ಪಟ್ಟಿ ಉದ್ದ ಉಂಟು. ಉಮ್ಮ ನೋಡಿದ್ದು ಎಷ್ಟು? ಕೆಸರೆಯ ನಮ್ಮಂಥವರ ಮನೆಯ ಹೆಂಗಸರು ಮದುವೆಗೆ, ಮಯ್ಯತ್ತಿಗೆ ಅಂತ ಮಂಗಳೂರಿಗೆ ಎಷ್ಟೋ ಸಲ ಹೋಗಿ ಬಂದಿದ್ದಾರೆ. ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು, ಎಲ್ಲವೂ ಅವರಿಗೆ ಬಸ್ಸಿನ ಕಿಟಕಿಯಲ್ಲಿ ಹಾದುಹೋದ ಹೆಸರುಗಳು. ಮಡಿಕೇರಿಯಲ್ಲಿ ಇಳಿದು ಅರ್ಧ ಗಂಟೆ ಬೆಟ್ಟ ನೋಡಿದವರು ಎಷ್ಟು ಮಂದಿ ಅಂತ ಮನೆಯಲ್ಲೇ ಕೇಳಿ ನೋಡಿ.

ಸಫರ್ ಅಂದ ತಕ್ಷಣ ನಮಗೆ ನೆನಪಾಗುವವರು ಇಬ್ನ್ ಬತೂತ. 1340ರ ದಶಕದಲ್ಲಿ ನಮ್ಮ ಮಂಗಳೂರಿಗೂ ಬಂದು, ಇಲ್ಲಿ ಸುಮಾರು 4 ಸಾವಿರ ಮುಸ್ಲಿಮರು ವಾಸಿಸುತ್ತಿದ್ದರು ಅಂತ ಬರೆದಿಟ್ಟವರು. ಅವರ ಪ್ರವಾಸದ ಒಂದು ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. 1325ರಲ್ಲಿ, 21ರ ಹರೆಯದಲ್ಲಿ ಮೊರಾಕ್ಕೊದ ಟ್ಯಾಂಜಿಯರ್‌ನಿಂದ ಹೊರಟಾಗ ತಾಯಿ-ತಂದೆ ಇಬ್ಬರೂ ಇದ್ದರು. ಅವರನ್ನು ಬಿಟ್ಟು ಹೊರಡುವ ಸಂಕಟವನ್ನೂ ಅವರೇ ಹೇಳಿಕೊಂಡಿದ್ದಾರೆ. 24 ವರ್ಷ ಕಳೆದು 1349ರಲ್ಲಿ ತಾಯ್ನಾಡಿಗೆ ಮರಳುವಾಗ, ಮನೆ ತಲುಪುವ ಮೊದಲೇ ದಾರಿಯಲ್ಲಿ ಸುದ್ದಿ ಸಿಕ್ಕಿತು: ಪ್ಲೇಗ್‌ನಲ್ಲಿ ತಾಯಿ ತೀರಿಹೋಗಿದ್ದಾರೆ. ತಂದೆ ಅದಕ್ಕೂ ಎಷ್ಟೋ ಮೊದಲೇ ಹೋಗಿದ್ದರು. ಲೋಕವನ್ನೆಲ್ಲ ನೋಡಿ ಬಂದ ಮಗನಿಗೆ, ನೋಡಿದ್ದನ್ನು ಉಮ್ಮನ ಮುಂದೆ ಕೂತು ಹೇಳುವ ಭಾಗ್ಯ ಇರಲಿಲ್ಲ. ಗಲ್ಫಿನಲ್ಲಿ ದುಡಿದವರ ಮನೆಗಳಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲರೂ ಉಮ್ಮನನ್ನು ವ್ಯಾನಿಗೆ ಹತ್ತಿಸಿ ಅಂತ ನಾವು ಹೇಳುತ್ತೇವೆಯೇ? ಇಲ್ಲ. ಮಂಡಿ ನೋವು, ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ಈಗ ಯಾವುದುಂಟು? ಬಳಸದ ಇನ್ಸುಲಿನ್ ತಣ್ಣಗಿರಬೇಕು. ವುಳೂ ಮಾಡಲು ನೀರು ಬೇಕು, ಹೆಂಗಸರಿಗೆ ಶುಚಿಯಾದ ಶೌಚಾಲಯ ಬೇಕು. ರಾತ್ರಿ ಎಲ್ಲೆಂದರಲ್ಲಿ ವ್ಯಾನ್ ನಿಲ್ಲಿಸಿ ಮಲಗಲಿಕ್ಕಾಗದು. ಪೆಟ್ರೋಲ್ ಬಂಕ್, ಮಸೀದಿಯ ಆವರಣ, ಪರಿಚಯದವರ ಅಂಗಳ ಮೊದಲೇ ನೋಡಿಟ್ಟಿರಬೇಕು. ಎಲ್ಲದಕ್ಕಿಂತ ಮುಖ್ಯ, ಅವರಿಗೆ ಮನಸ್ಸು ಬೇಕು. ಎಷ್ಟೋ ಉಮ್ಮಂದಿರಿಗೆ ತಮ್ಮ ಅಂಗಳ, ಮಲ್ಲಿಗೆ ಬಳ್ಳಿ, ಪಕ್ಕದ ಮನೆಯವರು ಇದ್ದರೆ ಸಾಕು. ಅದು ಅವರ ಇಷ್ಟ.

ನಾವು ಹೇಳುವುದು ಇಷ್ಟೇ: ಕೇಳಿ. ಕೃಷ್ಣಕುಮಾರ್ ಯಾನದ ಲೆಕ್ಕ ತೆಗೆದರೆ ಹೆಚ್ಚುಕಡಿಮೆ ದಿನಕ್ಕೆ 60 ಕಿ.ಮೀ. ಬರುತ್ತದೆ. ಅದು ಅವಸರದ ಓಟವಲ್ಲ, ವಯಸ್ಸಾದವರ ಬೆನ್ನು ತಾಳುವ ವೇಗ. ಅಷ್ಟು ದೂರಕ್ಕೆ ಕೆಲಸ ಬಿಡಬೇಕಾಗಿಲ್ಲ, ವ್ಯಾನ್ ಕೊಳ್ಳಬೇಕಾಗಿಲ್ಲ. ಕೆಸರೆಯಿಂದ ಶ್ರೀರಂಗಪಟ್ಟಣ ಹೋಗಿ ಬಂದರೆ ಅದರ ಅರ್ಧವೇ ಆಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ದರಿಯಾ ದೌಲತ್ ನೋಡಿ, ಗುಂಬಜ್‌ಗೆ ಹೋಗಿ ಫಾತಿಹಾ ಓದಿ, ಕಾವೇರಿ ಬದಿಯಲ್ಲಿ ಬುತ್ತಿ ಬಿಚ್ಚಿ ತಿಂದು ಮಗ್ರಿಬ್‌ಗೆ ಮೊದಲು ಮನೆ ಸೇರಬಹುದು. ಬುತ್ತಿಯನ್ನು ಆ ದಿನವಾದರೂ ಉಮ್ಮ ಕಟ್ಟುವುದು ಬೇಡ, ಮಕ್ಕಳು ಕಟ್ಟಲಿ. ಆ ಒಂದು ದಿನದಲ್ಲಿ ಉಮ್ಮನಿಗೆ ಎಷ್ಟು ಹೊತ್ತಿಗೆ ಸುಸ್ತಾಗುತ್ತದೆ, ಏನು ನೋಡಿದರೆ ಖುಷಿಯಾಗುತ್ತದೆ, ಇನ್ನೆಲ್ಲಿಗೆ ಹೋಗುವ ಆಸೆ ಉಂಟು ಎಂಬುದೆಲ್ಲ ಗೊತ್ತಾಗುತ್ತದೆ.

ಚಾನೆಲ್ ಕೆಲಸ ಬಿಟ್ಟು ವ್ಯಾನ್ ಹತ್ತುತ್ತೇನೆ ಎನ್ನುವ ಮಗನಿಗೂ ಮಗಳಿಗೂ ನಮ್ಮದೊಂದು ವಿನಂತಿ. ನೀವು ಕೇಳಿ ಬರೆಯುವ ಕಸುಬಿನವರು. ಊರಿನವರನ್ನೆಲ್ಲ ಮೈಕ್ ಹಿಡಿದು ಸಂದರ್ಶನ ಮಾಡಿದ್ದೀರಿ. ರಾಜೀನಾಮೆ ಪತ್ರ ಬರೆಯುವ ಮೊದಲು ಒಂದು ಸಂಜೆ ಮೈಕ್ ಇಲ್ಲದೆ, ಕ್ಯಾಮರಾ ಇಲ್ಲದೆ ಅಡುಗೆಮನೆಯಲ್ಲಿ ಕೂತು, ಉಮ್ಮ ಯಾವೆಲ್ಲ ಊರು ನೋಡಿದ್ದಾರೆ ಅಂತ ಕೇಳಿ. ಉತ್ತರ ಕೇಳಿದ ಮೇಲೆ ಎಲ್ಲಿಗೆ, ಯಾವಾಗ, ಯಾರ ಜೊತೆ ಎಂಬುದನ್ನು ತೀರ್ಮಾನ ಮಾಡಿ.