ಟೊಮ್ಯಾಟೊ ತೋಟದಲ್ಲಿ ಚೆಂಡುಹೂವಿನ ಸಾಲು

ಟೊಮ್ಯಾಟೊ ಬೆಳೆಗೆ ಕಾಯಿಕೊರಕ ಹುಳುವಿನಿಂದಾಗುವ ನಷ್ಟವು ರೈತರೆಲ್ಲರಿಗೂ ತಿಳಿದದ್ದೇ. ಹುಳುವು ಕಾಯಿಯೊಳಗೆ ತಲೆಯಿಟ್ಟ ಮೇಲೆ ಔಷಧವು ಅದನ್ನು ಸುಲಭವಾಗಿ ಮುಟ್ಟಲಾರದು. ಆದುದರಿಂದ ಅದರ ಪತಂಗವು ಮೊಟ್ಟೆಯಿಡುವ ಕಾಲದಲ್ಲಿಯೇ ಅದನ್ನು ಬೇರೆಡೆಗೆ ಸೆಳೆಯುವುದು ಉತ್ತಮ.

ಇದಕ್ಕೆ ಬೆಂಗಳೂರಿನ ಸಮೀಪ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎತ್ತರವಾಗಿ ಬೆಳೆಯುವ ಚೆಂಡುಹೂವನ್ನು ಸೂಚಿಸಿರುತ್ತಾರೆ. ಪ್ರತಿ 16 ಸಾಲು ಟೊಮ್ಯಾಟೊ ಗಿಡಗಳಿಗೆ 1 ಸಾಲು ಚೆಂಡುಹೂವನ್ನು ನೆಡತಕ್ಕದ್ದು. 45 ದಿವಸದ ಚೆಂಡುಹೂವಿನ ಸಸಿಗಳನ್ನೂ 25 ದಿವಸದ ಟೊಮ್ಯಾಟೊ ಸಸಿಗಳನ್ನೂ ಏಕಕಾಲದಲ್ಲಿ ನಾಟಿಮಾಡಿದರೆ ಎರಡೂ ಒಟ್ಟಿಗೆ ಹೂವಿಗೆ ಬರುವುವು. ಇದಕ್ಕಾಗಿ ಚೆಂಡುಹೂವಿನ ಬೀಜವನ್ನು 20 ದಿವಸ ಮುಂಚಿತವಾಗಿ ಒಟ್ಲುಪಾತಿಯಲ್ಲಿ ಬಿತ್ತಬೇಕು.

ಹೂವಿನ ವಾಸನೆಗೆ ಹುಳುವು ಓಡಿಹೋಗುವುದೆಂದು ಹಲವರು ನಂಬಿರುವರು. ಈ ಹುಳುವಿನ ವಿಷಯದಲ್ಲಿ ಅದು ಸರಿಯಲ್ಲ. ಪತಂಗವು ಚೆಂಡುಹೂವಿಗೆ ಮರುಳಾಗಿ ಬಂದು ಅಲ್ಲಿಯೇ ಮೊಟ್ಟೆಯಿಡುವುದು. ಆದಕಾರಣ ಈ ಸಾಲನ್ನು ಅಲಕ್ಷ್ಯಮಾಡಿದರೆ ಅದೇ ಹುಳುವಿನ ತವರಾಗುವುದು. ಮೊಗ್ಗು ಮತ್ತು ಹೂಗಳನ್ನು ಆಗಾಗ್ಗೆ ಪರೀಕ್ಷಿಸಿ, ಹುಳುಗಳನ್ನು ಆರಿಸಿ ನಾಶಮಾಡಬೇಕು. ಕೆಡದ ಹೂವನ್ನು ಸಂತೆಯಲ್ಲಿ ಮಾರಿದರೆ ಕೂಲಿಯ ಖರ್ಚಿಗೆ ಒದಗುವುದು.

ಗ್ರಾಮದ ಮುಖಂಡರು ಮೊದಲು ತಮ್ಮ ತೋಟದಲ್ಲಿಯೇ ಇದನ್ನು ನಡೆಯಿಸಿ ತೋರಿಸಿದರೆ ಇತರರೂ ನೋಡಿ ಅನುಸರಿಸುವರು.